ಹಿತ್ತಲ ಕೋಳಿ: ಹೊಸಬಳು ಬಂದಾಗ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು. ಹೊಸ ಕೋಳಿ ತಂದೆವು, ಹಳೆಯವು ಹತ್ತಿರ ಸೇರಿಸುತ್ತಿಲ್ಲ. ಹಾಗಾಗಿ ಮೆತ್ತನೆ ಚಿಪ್ಪಿನ ಮೊಟ್ಟೆ, ಬೆಕ್ಕಿನ ಕಾಟ ಇತ್ಯಾದಿ ಮುಂದಿನ ಸಂಚಿಕೆಗೆ ಹೋಗಿವೆ. ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮಲ್ಲಿ ಐದು ಹೇಂಟೆಗಳಿವೆ. ಎರಡು ವರ್ಷದಿಂದ ಒಟ್ಟಿಗಿವೆ. ಮೊನ್ನೆ ಇನ್ನೊಂದನ್ನು ತಂದು ನೇರವಾಗಿ ಒಳಗೆ ಬಿಟ್ಟೆವು. ಐದೂ ಸೇರಿ ಅಟ್ಟಾಡಿಸಿದವು. ಜುಟ್ಟಿನಲ್ಲಿ ರಕ್ತ ಬಂತು. ಈಗ ಅದು ಮೊಟ್ಟೆ ಪೆಟ್ಟಿಗೆ ಬಿಟ್ಟು ಹೊರಗೇ ಬರುತ್ತಿಲ್ಲ. "ಅವೇ ಸರಿಮಾಡಿಕೊಳ್ಳುತ್ತವೆ, ಸುಮ್ನೆ ಬಿಡಿ" ಅಂತ ಕೆಲವರು ಹೇಳುತ್ತಾರೆ. ವಾಪಸ್ ಕೊಟ್ಟುಬಿಡೋಣವೇ?

ಉತ್ತರ: ವಾಪಸ್ ಕೊಡಬೇಡಿ. ಆದರೆ ಸುಮ್ನೆ ಬಿಡಲೂಬೇಡಿ. ಈ ಪತ್ರಿಕೆ ಕೆಳಗಿಟ್ಟು ಮೊದಲು ಅದನ್ನು ಪೆಟ್ಟಿಗೆಯಿಂದ ತೆಗೆಯಿರಿ.

ಕೋಳಿಗೆ ಕೆಂಪು ಕಂಡರೆ ಕುಕ್ಕುವ ಚಪಲ. ಜುಟ್ಟಿನಲ್ಲಿ ಒಂದು ಹನಿ ರಕ್ತ ಇದ್ದರೂ ಮಿಕ್ಕವು ಅಲ್ಲಿಗೇ ಕುಕ್ಕುತ್ತವೆ. ಆಮೇಲೆ ಅದು ಜಗಳವಾಗಿ ಉಳಿಯುವುದಿಲ್ಲ, ತಿನ್ನುವುದಕ್ಕೇ ಶುರುಮಾಡುತ್ತವೆ. ಕಾಯಿಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ ಗಾಯ ತೊಳೆಯಿರಿ. ಗಾಯ ಒಣಗಿ ಕಪ್ಪಾಗುವವರೆಗೆ ಬೇರೆ ಇಡಿ. ಮಾಂಸ ಕಾಣುವಷ್ಟು ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ.

ಇನ್ನು ಇದೆಲ್ಲ ಯಾಕೆ ಆಗುತ್ತದೆ ಅನ್ನುವುದು. ನಾರ್ವೆಯಲ್ಲಿ ಶೆಲ್ಡರುಪ್-ಎಬ್ಬೆ ಅಂತ ಒಬ್ಬ ಪ್ರಾಣಿಶಾಸ್ತ್ರಜ್ಞ ಇದ್ದರು. ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ ಕೂರುವುದೇ ಅವರ ಹುಚ್ಚು. ಯಾರು ಯಾರಿಗೆ ಕುಕ್ಕುತ್ತಾರೆ, ಯಾರು ಸುಮ್ಮನೆ ಕುಕ್ಕಿಸಿಕೊಳ್ಳುತ್ತಾರೆ ಅಂತ ಬರೆದಿಟ್ಟುಕೊಂಡರು. 1921ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಶ್ರೇಣಿ ಅಂತ ವಿವರಿಸಿದರು. ಅವರು ಕಂಡದ್ದು ಇಷ್ಟು: ಗುಂಪಿನಲ್ಲಿ ಪ್ರತಿ ಎರಡು ಕೋಳಿಗಳ ನಡುವೆಯೂ ಮೇಲು ಯಾರು, ಕೆಳಗೆ ಯಾರು ಅನ್ನುವುದು ಒಮ್ಮೆ ತೀರ್ಮಾನ ಆಗಿರುತ್ತದೆ. ಆಗಿದ್ದರೆ ದಿನಾ ಹೊಡೆದಾಡಬೇಕಾಗಿಲ್ಲ. ನಿಮ್ಮ ಐದಕ್ಕೆ ಎಲ್ಲ ಲೆಕ್ಕ ಚುಕ್ತಾ ಆಗಿ ಎರಡು ವರ್ಷವಾಗಿದೆ. ಹೊಸಬಳಿಗೆ ಒಂದೇ ದಿನ ಐದು ಲೆಕ್ಕ ತೀರಿಸಬೇಕಾಗಿ ಬಂತು. ಅದೂ ಗೊತ್ತಿಲ್ಲದ ಜಾಗದಲ್ಲಿ, ಓಡಿ ಹೋಗಲು ದಾರಿಯಿಲ್ಲದೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಗಾಯ ಮಾಗಿದ ಮೇಲೆ, ರೋಗದ ಲಕ್ಷಣ ಇಲ್ಲ ಅಂತ ಖಾತ್ರಿಯಾದ ಮೇಲೆ (ಅದರ ಬಗ್ಗೆ ಮುಂದಿನ ಉತ್ತರ ಓದಿ), ಆವರಣದ ಒಂದು ಮೂಲೆಗೆ ತಂತಿ ಬಲೆ ಕಟ್ಟಿ ಹೊಸಬಳನ್ನು ಅಲ್ಲಿ ಇಡಿ. ನೋಡಬಹುದು, ಮುಟ್ಟಲಾಗದು. ಬಲೆಯ ಎರಡೂ ಕಡೆ ಹತ್ತಿರ ಹತ್ತಿರ ಮೇವಿನ ಬಟ್ಟಲಿಡಿ. ಮೊದಲ ದಿನ ನಿಮ್ಮ ಹಳೆಯವು ಬಲೆಗೆ ಎದೆ ಕೊಟ್ಟು ನಿಲ್ಲುತ್ತವೆ, ಕತ್ತಿನ ಗರಿ ಕೊಡೆಯಂತೆ ಬಿಚ್ಚುತ್ತವೆ. ಬರುಬರುತ್ತಾ ಬೇಸರ ಬಂದು ಪಕ್ಕದಲ್ಲೇ ಮಣ್ಣು ಕೆದಕುತ್ತವೆ. ಹೊಸಬಳು ಮಣ್ಣುಸ್ನಾನ ಮಾಡುವಾಗ ಬಲೆಯ ಈಚೆಗೆ ಇನ್ನೊಂದು ಮಲಗಿ ಮಣ್ಣು ಎರಚಿಕೊಳ್ಳುವುದು ಕಂಡರೆ ಕೆಲಸ ಮುಕ್ಕಾಲು ಮುಗಿಯಿತು ಅನ್ನಿ. ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಕ್ಯಾಲೆಂಡರ್ ನೋಡಿ ಬಲೆ ತೆಗೆಯಬೇಡಿ, ಕೋಳಿ ನೋಡಿ ತೆಗೆಯಿರಿ.

ಬಲೆ ತೆಗೆಯುವ ಹೊತ್ತು ಮುಖ್ಯ. ಗೂಡು ಸೇರುವುದಕ್ಕೆ ಒಂದು ತಾಸು ಮುಂಚೆ, ವಿಶಾಲವಾದ ಜಾಗದಲ್ಲಿ ಬಿಡಿ. ಆಗ ಅವಕ್ಕೆ ಹೊಟ್ಟೆ ತುಂಬಿರುತ್ತದೆ, ಜಗಳಕ್ಕೆ ಸಮಯ ಕಡಿಮೆ ಇರುತ್ತದೆ. ಮೇವು ಮತ್ತು ನೀರು ಎರಡೆರಡು ಕಡೆ ಇರಲಿ. ಒಂದರ ಬಳಿ ನಿಂತ ಕೋಳಿಗೆ ಇನ್ನೊಂದು ಕಾಣಬಾರದು. ಇದನ್ನು ಎಷ್ಟು ಹೇಳಿದರೂ ಜನ ಎರಡು ಬಟ್ಟಲು ಅಕ್ಕಪಕ್ಕ ಇಟ್ಟು ಪತ್ರ ಬರೆಯುತ್ತಾರೆ. ಅಕ್ಕಪಕ್ಕ ಇಟ್ಟರೆ ಒಂದೇ ಪೋಕರಿ ಎರಡನ್ನೂ ಕಾಯುತ್ತದೆ, ಅಲ್ವಾ? ಗೋಡೆಗೆ ಒಂದು ಹಲಗೆ ಒರಗಿಸಿಡಿ, ಆದರೆ ಎರಡೂ ತುದಿ ತೆರೆದಿರಲಿ. ಒಂದೇ ಬಾಯಿಯ ಮೂಲೆ ಅಡಗುತಾಣ ಅಲ್ಲ, ಬೋನು.

ಬಿಟ್ಟ ಮೇಲೆ ಏನು ನೋಡಬೇಕು? ಎದುರುಬದುರು ನಿಲ್ಲುವುದು, ಗರಿ ಎತ್ತುವುದು, ತಲೆಗೆ ನಾಲ್ಕು ಏಟು ಕೊಡುವುದು, ಹತ್ತು ಹೆಜ್ಜೆ ಅಟ್ಟುವುದು, ಇದೆಲ್ಲ ಲೆಕ್ಕಾಚಾರ. ಕೈ ಹಾಕಬೇಡಿ. ಒಂದು ತಲೆ ತಗ್ಗಿಸಿ ಪಕ್ಕಕ್ಕೆ ತಿರುಗಿ ನಡೆದರೆ ಅಲ್ಲಿಗೆ ಆ ಲೆಕ್ಕ ಮುಗಿಯಿತು. ನೀವು ನಡುವೆ ಹೋಗಿ ಬಿಡಿಸಿದರೆ ನಾಳೆ ಮತ್ತೆ ಮೊದಲಿಂದ. ಸೋತು ಕೂತವಳ ಮೇಲೆ ಹತ್ತಿ ಕುಕ್ಕುತ್ತಲೇ ಇದ್ದರೆ, ಎರಡು ಮೂರು ಸೇರಿ ಒತ್ತಿಹಿಡಿದರೆ, ರಕ್ತ ಕಂಡರೆ ಮಾತ್ರ ಎತ್ತಿಕೊಳ್ಳಿ.

ನನ್ನ ಮಟ್ಟಿಗೆ ಜಗಳ ಅಷ್ಟು ದೊಡ್ಡ ವಿಷಯವೇ ಅಲ್ಲ. ಹೊಸ ಕೋಳಿ ಕೆಡುವುದು ಹೊಡೆತಕ್ಕಿಂತ ಜಾಸ್ತಿ ಉಪವಾಸದಿಂದ. ಬಟ್ಟಲ ಬಳಿ ಹೋದರೆ ಒಬ್ಬಳು ಕಣ್ಣು ಬಿಡುತ್ತಾಳೆ, ಇದು ಹಿಂದೆ ಸರಿಯುತ್ತದೆ. ಸದ್ದಿಲ್ಲ, ರಕ್ತವಿಲ್ಲ. ಮನೆಯವರು "ಈಗ ಹೊಂದಿಕೊಂಡಿದೆ" ಅಂತ ಖುಷಿಯಾಗುತ್ತಾರೆ. ಅದು ದಿನಾ ಸೊರಗುತ್ತಿರುತ್ತದೆ.

ಇದಕ್ಕೆ ನಾನು ಮಾಡುವ ಪರೀಕ್ಷೆ ಸುಲಭ. ಕತ್ತಲಾದ ಮೇಲೆ, ಅಡ್ಡಕೋಲಿನ ಮೇಲೆ ಕೂತಾಗ, ಹೊಸಬಳ ಕತ್ತಿನ ಬುಡಕ್ಕೆ ಬೆರಳು ಹಾಕಿ ನೋಡಿ. ಎದೆಯೆಲುಬಿನ ಮೇಲೆ, ಅದರ ಬಲಗಡೆಗೆ, ಮೇವಿನ ಚೀಲ ಇರುತ್ತದೆ. ಚೆನ್ನಾಗಿ ತಿಂದ ಕೋಳಿಯದು ರಾತ್ರಿ ಉಬ್ಬಿ, ಮುಟ್ಟಿದರೆ ನಾದಿದ ಹಿಟ್ಟಿನಷ್ಟು ಮೆತ್ತಗೆ ಇರುತ್ತದೆ. ಒಳಗಿನ ಕಾಳು ಬೆರಳಿಗೆ ಸಿಗುತ್ತದೆ. ಖಾಲಿ ಚರ್ಮ ಸಿಕ್ಕಿದರೆ ಆ ದಿನ ಅವಳಿಗೆ ಊಟವಿಲ್ಲ ಅಂತಲೇ ಅರ್ಥ. ಬೆಳಿಗ್ಗೆ ನೋಡಿ ಗಾಬರಿಯಾಗಬೇಡಿ, ಬೆಳಿಗ್ಗೆ ಎಲ್ಲದರದ್ದೂ ಖಾಲಿಯೇ. ಮೊದಲ ಎರಡು ವಾರ ದಿನಾ ರಾತ್ರಿ ಮುಟ್ಟಿ ನೋಡಿ. ಖಾಲಿ ಇದ್ದರೆ ಬೆಳಿಗ್ಗೆ ಅವಳನ್ನು ಬೇರೆ ತೆಗೆದು ಹೊಟ್ಟೆ ತುಂಬಿಸಿ ಆಮೇಲೆ ಬಿಡಿ. ಮೇವಿನ ಬಟ್ಟಲು ಇನ್ನೊಂದು ಹೆಚ್ಚಿಸಿ.

ಪ್ರಶ್ನೆ: ತಂದ ಕೋಳಿ ನೋಡಲು ಗಟ್ಟಿಮುಟ್ಟಾಗಿದೆ. ಚೆನ್ನಾಗಿ ತಿನ್ನುತ್ತದೆ. ಆದರೂ ಬೇರೆ ಇಡಲೇಬೇಕಾ? ಜಾಗದ ತೊಂದರೆ ಇದೆ.

ಉತ್ತರ: ಇಡಲೇಬೇಕು. 30 ದಿನ. ಜಾಗ ಇಲ್ಲದಿದ್ದರೆ ಕೋಳಿ ತರುವುದನ್ನೇ ಮುಂದೂಡಿ. ಕಠಿಣ ಅನ್ನಿಸಬಹುದು, ಆದರೆ ಈ ಒಂದು ವಿಷಯದಲ್ಲಿ ನಾನು ರಾಜಿಯಾಗಲ್ಲ.

ಕೋಳಿ ತನ್ನ ಕಾಯಿಲೆ ಮುಚ್ಚಿಡುವ ಜೀವ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಮೈಗೆ ಸೇರಿದ ಮೇಲೆ ಹೊರಗೆ ಕಾಣಲು 2ರಿಂದ 15 ದಿನ ಹಿಡಿಯಬಹುದು. ಕೊರೈಜಾ ಎಂಬ ಶೀತರೋಗ ಒಂದು ಮೂರು ದಿನದಲ್ಲೇ ಕಾಣುತ್ತದೆ. ಮುಖ ಊದುತ್ತದೆ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ. ಮೈಕೋಪ್ಲಾಸ್ಮಾ ಇನ್ನೂ ಕಳ್ಳ. ಒಮ್ಮೆ ಬಂದ ಕೋಳಿ ಚೇತರಿಸಿಕೊಂಡು ಓಡಾಡುತ್ತದೆ, ಆದರೆ ಜೀವಮಾನವಿಡೀ ಅದನ್ನು ಹೊತ್ತಿರುತ್ತದೆ. ಜಾಗ ಬದಲಾದ ಆಯಾಸಕ್ಕೆ ಅದು ಮತ್ತೆ ಹೊರಬರುತ್ತದೆ: ಸೀನು, ಕಣ್ಣಿನ ಮೂಲೆಯಲ್ಲಿ ನೊರೆ. ಹೊಸ ಕೋಳಿ ಬಂದ ಎರಡನೇ ವಾರ ಸೀನಿದರೆ "ಹವಾ ಬದಲಾಗಿದೆ" ಅಂತ ಸಮಾಧಾನ ಹೇಳಿಕೊಳ್ಳಬೇಡಿ.

ಬೇರೆ ಇಡುವುದು ಅಂದರೆ ಪಕ್ಕದ ಪಂಜರ ಅಲ್ಲ. ಗಾಳಿ ಸೋಕದಷ್ಟು ದೂರ, ಸಾಧ್ಯವಾದರೆ ಮನೆಯ ಇನ್ನೊಂದು ಮಗ್ಗುಲು. ಮೇವು ನೀರು ಮೊದಲು ಹಳೆಯವಕ್ಕೆ, ಆಮೇಲೆ ಹೊಸದಕ್ಕೆ. ಹಿಂದುಮುಂದು ಮಾಡಬೇಡಿ. ಹೊಸದರ ಹತ್ತಿರ ಹೋಗಲು ಬೇರೆ ಚಪ್ಪಲಿ, ಬೇರೆ ಬಟ್ಟಲು. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಈ ತಿಂಗಳು ಸುಮ್ನೆ ಕಾಯುವ ತಿಂಗಳಲ್ಲ. ಹಿಕ್ಕೆ ನೋಡಿ, ರಕ್ತ ಇದೆಯಾ ಅಂತ. ಬಾಲದ ಕೆಳಗಿನ ಗರಿ ಬಿಡಿಸಿ ನೋಡಿ. ಗರಿಯ ಬುಡದಲ್ಲಿ ಬಿಳಿ ಗಂಟು ಕಟ್ಟಿದ್ದರೆ ಅದು ಹೇನಿನ ಮೊಟ್ಟೆ. ಬೆಳಕು ಬಿದ್ದ ಕೂಡಲೇ ಹುಲ್ಲಿನ ಬಣ್ಣದ ಹೇನು ಸರಸರ ಓಡುತ್ತವೆ. ಔಷಧಿ ಒಂದೇ ಸಲ ಹಾಕಿ ಬಿಟ್ಟರೆ ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಯಾವ ಔಷಧಿ, ಎಷ್ಟು ದಿನ ಬಿಟ್ಟು ಎರಡನೇ ಸಲ ಅನ್ನುವುದನ್ನು ಪಶುವೈದ್ಯರು ಹೇಳುತ್ತಾರೆ. ಕಾಲಿನ ಪೊರೆ ಎದ್ದು ದಪ್ಪಗೆ ಹಿಟ್ಟು ಮೆತ್ತಿದಂತಿದ್ದರೆ ಒಳಗೆ ನುಸಿ ಇದೆ. ಕೆಂಪು ನುಸಿ ಮಾತ್ರ ಹಗಲಲ್ಲಿ ಮೈಮೇಲೆ ಸಿಗಲ್ಲ. ಹಗಲು ಸಂದಿಯಲ್ಲಿ, ರಾತ್ರಿ ಕೋಳಿ ಮೇಲೆ. ಅಡ್ಡಕೋಲಿನ ಅಡಿಭಾಗಕ್ಕೆ ಬಿಳಿ ಕಾಗದ ಒತ್ತಿ ಎಳೆಯಿರಿ. ಕೆಂಪು ಗೀರು ಮೂಡಿದರೆ ಅವು ಇವೆ.

ಕೊನೆಯ ವಾರದಲ್ಲಿ ನಾನು ಹಳೇ ಗುಂಪಿನ ಸಾಧು ಹೇಂಟೆಯೊಂದನ್ನು ಹೊಸಬಳ ಜೊತೆ ಇಡುತ್ತೇನೆ. ಎರಡು ಲಾಭ. ಒಂದು, ಏನಾದರೂ ಅಂಟುವುದಿದ್ದರೆ ಇಡೀ ಗುಂಪಿಗೆ ಅಂಟುವ ಮೊದಲು ಗೊತ್ತಾಗುತ್ತದೆ. ಆ ಒಂದು ಕೋಳಿಯನ್ನು ಅಪಾಯಕ್ಕೆ ಒಡ್ಡಿದ ಹಾಗಾಯಿತಲ್ಲ ಅಂತ ಕೇಳುವವರಿದ್ದಾರೆ. ಹೌದು, ಆಯಿತು. ಎಲ್ಲವನ್ನೂ ಒಡ್ಡುವುದಕ್ಕಿಂತ ವಾಸಿ. ಇನ್ನೊಂದು ಲಾಭ, ಹೊಸಬಳಿಗೆ ಒಬ್ಬ ಗೆಳತಿ ಸಿಗುತ್ತಾಳೆ. ಬಲೆಯ ಆಚೆ ಹೋದಾಗ ಅವಳು ಒಂಟಿಯಲ್ಲ.

ಒಂದು ಮಾತು ಬಿಟ್ಟುಹೋಗಬಾರದು. ರೋಗ ಆ ಕಡೆಯಿಂದಲೇ ಬರಬೇಕು ಅಂತಿಲ್ಲ. ನಿಮ್ಮ ಅಂಗಳದ ಮಣ್ಣಿನಲ್ಲಿರುವ ರಕ್ತಭೇದಿಯ ಕ್ರಿಮಿಗೆ ನಿಮ್ಮ ಹಳೆಯವು ಒಗ್ಗಿರುತ್ತವೆ, ಹೊಸಬಳು ಒಗ್ಗಿರಲ್ಲ. ಬಲೆ ತೆಗೆದ ಮೊದಲ ವಾರಗಳಲ್ಲೂ ಹಿಕ್ಕೆಯ ಮೇಲೆ ಕಣ್ಣಿಡಿ. ನೆಲ ಒದ್ದೆಯಿದ್ದರೆ ಒಣ ಹುಲ್ಲು, ಮರದ ಹೊಟ್ಟು ಹಾಕಿ. ಆ ಕ್ರಿಮಿಗೆ ತೇವ ಬೇಕು.

ಪ್ರಶ್ನೆ: ರಾತ್ರಿ ಮಲಗಿದಾಗ ಹೊಸ ಕೋಳಿಯನ್ನು ನಡುವೆ ಸೇರಿಸಿಬಿಟ್ಟರೆ ಬೆಳಿಗ್ಗೆ ಅವಕ್ಕೆ ಗೊತ್ತೇ ಆಗಲ್ಲವಂತೆ. ನಿಜವೇ?

ಉತ್ತರ: ಗೊತ್ತಾಗುತ್ತದೆ. ಕೋಳಿಗೆ ಇರುಳಲ್ಲಿ ಕಣ್ಣು ಮಂದ, ಬುದ್ಧಿ ಮಂದ ಅಲ್ಲ. ಒಂದನ್ನೊಂದು ಮುಖ, ಜುಟ್ಟು ನೋಡಿಯೇ ಗುರುತಿಸುತ್ತವೆ. ಬಲೆಯ ಹಂತ ಮುಗಿಸಿದ ಕೋಳಿಯನ್ನು ರಾತ್ರಿ ಕೂರಿಸಿದರೆ ಸಂಜೆಯ ತಳ್ಳಾಟ ಒಂದು ತಪ್ಪುತ್ತದೆ, ಅಷ್ಟೇ. ಮಾರನೆ ದಿನ ಬೆಳಕು ಹರಿಯುವ ಮೊದಲೇ ನೀವು ಎದ್ದು ಬಾಗಿಲು ತೆಗೆಯಬೇಕು. ಏಳಲು ಆಗದಿದ್ದರೆ ಈ ಉಪಾಯ ಬೇಡವೇ ಬೇಡ. ಮುಚ್ಚಿದ ಗೂಡಿನಲ್ಲಿ ಓಡಲು ಜಾಗ ಇರಲ್ಲ.

ಅಡ್ಡಕೋಲಿನ ಉದ್ದವನ್ನೂ ಅಳೆಯಿರಿ. ಒಂದು ಕೋಳಿಗೆ 20ರಿಂದ 25 ಸೆಂಟಿಮೀಟರ್ ಬೇಕು. ಗೂಡಿನೊಳಗೆ ತಲೆಗೆ 4 ಚದರ ಅಡಿ, ಹೊರಗಿನ ಆವರಣದಲ್ಲಿ 10 ಚದರ ಅಡಿ ಅಂತ ಸಾಮಾನ್ಯ ಲೆಕ್ಕ. ಹೊಸದು ಬರುವಾಗ ಇದರ ಮೇಲೆ ಇನ್ನಷ್ಟು ಇದ್ದರೆ ಒಳ್ಳೆಯದೇ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಂದೇ ಒಂದು ಕೆಂಪು ಹೇಂಟೆ ಹೊಸಬಳನ್ನು ಬಿಡುತ್ತಿಲ್ಲ. ಮಿಕ್ಕವು ಸುಮ್ಮನಿವೆ. ಒಂದು ತಿಂಗಳಾಯಿತು. ಯಾರನ್ನು ಬೇರೆ ಮಾಡಲಿ?

ಉತ್ತರ: ಕೆಂಪಿಯನ್ನು. ಎಲ್ಲರೂ ಏಟು ತಿಂದವಳನ್ನೇ ತೆಗೆಯುತ್ತಾರೆ. ಅವಳು ವಾಪಸ್ ಬಂದಾಗ ಮತ್ತೆ ಹೊಸಬಳೇ. ಕೆಂಪಿಯನ್ನು ಮೂರು ನಾಲ್ಕು ದಿನ ಯಾರಿಗೂ ಕಾಣದ ಕಡೆ ಇಡಿ. ಅಷ್ಟರಲ್ಲಿ ಮಿಕ್ಕವು ಹೊಸಬಳ ಜೊತೆ ಲೆಕ್ಕ ಮುಗಿಸಿಕೊಳ್ಳುತ್ತವೆ. ಕೆಂಪಿ ಮರಳಿದಾಗ ತನ್ನ ಸ್ಥಾನಕ್ಕೇ ಹೋರಾಡಬೇಕು, ಪುರುಸೊತ್ತು ಇರಲ್ಲ.

ನಮ್ಮ ಹಿತ್ತಲಿನಲ್ಲಿ ಒಬ್ಬಳು ಇದ್ದಳು. ಮೈಯೆಲ್ಲ ಕಪ್ಪು, ಒಂದು ಕಾಲಿನ ಬೆರಳು ಸೊಟ್ಟ. ಮನೆಯಲ್ಲಿ ಅವಳಿಗೆ ಯಜಮಾನಿ ಅಂತಲೇ ಹೆಸರು. ಬಟ್ಟಲ ಮುಂದೆ ನಿಂತು ತಿನ್ನುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಹೊಸ ಮರಿಹೇಂಟೆ ಹತ್ತಿರ ಬಂದರೆ ಕುಕ್ಕುವುದೂ ಇಲ್ಲ, ಬರೀ ಕತ್ತು ಉದ್ದ ಮಾಡಿ ಅದರ ತಲೆಯ ಮೇಲೆ ತನ್ನ ಕೊಕ್ಕು ತರುತ್ತಿದ್ದಳು. ಮರಿ ಅಲ್ಲೇ ಕುಗ್ಗಿ ಹಿಂದಕ್ಕೆ ಹೋಗುತ್ತಿತ್ತು. ಹೊರಗಿನವರು ನೋಡಿದರೆ ಎಷ್ಟು ಶಾಂತ ಗುಂಪು ಅನ್ನಬೇಕು. ರಾತ್ರಿ ಮುಟ್ಟಿದರೆ ಮರಿಯ ಮೇವಿನ ಚೀಲ ಖಾಲಿ. ಯಜಮಾನಿಯನ್ನು ಹಿಂದಿನ ಕೊಟ್ಟಿಗೆಗೆ ಹಾಕಿದೆ. ಮರಳಿ ಬಿಟ್ಟಾಗ ಅವಳು ನೇರ ಬಟ್ಟಲ ಬಳಿ ಹೋದಳು. ಅಲ್ಲಿ ಅಷ್ಟರಲ್ಲಿ ಬೂದು ಬಣ್ಣದವಳು ನಿಂತಿದ್ದಳು, ಯಜಮಾನಿಗೇ ಒಂದು ಬಿಟ್ಟಳು. ಆಮೇಲೆ ಅವರಿಬ್ಬರದೇ ನಡೆಯಿತು. ಮರಿ ಪಕ್ಕದಲ್ಲಿ ಹೊಟ್ಟೆ ತುಂಬ ತಿಂದಿತು.

ಇದು ಎಲ್ಲ ಪೋಕರಿಗಳಿಗೂ ನಾಟುತ್ತದೆ ಅಂತಲ್ಲ. ಎರಡು ಸಲ ಬೇರೆ ಇಟ್ಟರೂ ಅದೇ ಚಾಳಿಯಾದರೆ ಕೆಂಪಿಗೆ ಬೇರೆ ಮನೆ ಹುಡುಕಿ. ಇದೇ ಕಾರಣಕ್ಕೆ ಕಾಯಿಲೆ ಬಿದ್ದ ಕೋಳಿಯನ್ನು, ಅಂಟುರೋಗ ಅಲ್ಲದಿದ್ದರೆ, ಮಿಕ್ಕವುಗಳ ಕಣ್ಣಿಗೆ ಕಾಣುವ ಕಡೆ ಪಂಜರದಲ್ಲಿಟ್ಟು ಉಪಚರಿಸಿ. ಕೆಲವು ವಾರ ಕಾಣದಿದ್ದರೆ ಸ್ವಂತ ಗೆಳತಿಯನ್ನೂ ಅವು ಹೊಸಬಳಂತೆ ನಡೆಸಿಕೊಳ್ಳುತ್ತವೆ.

ಪ್ರಶ್ನೆ: ಎರಡು ತಿಂಗಳ ಮರಿಗಳನ್ನು ದೊಡ್ಡವುಗಳ ಜೊತೆ ಬಿಡಬಹುದೇ? ಮೇವು ಒಂದೇ ಹಾಕಬಹುದೇ?

ಉತ್ತರ: ತಾಯಿ ಇಲ್ಲದ ಮರಿಗಳಾದರೆ ಈಗಲೇ ಬೇಡ. ಗಾತ್ರ ಹೆಚ್ಚುಕಡಿಮೆ ಸಮ ಆಗುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬಲೆಯ ಆಚೆ ಬೆಳೆಯಲಿ. ನಡುವೆ ಬಿಡಲೇಬೇಕಾದರೆ ಬಲೆಯಲ್ಲಿ ಮರಿ ನುಸುಳುವ, ದೊಡ್ಡವು ನುಸುಳಲಾಗದ ಕಿಂಡಿ ಮಾಡಿ. ಮರಿಗಳ ಮೇವು ಕಿಂಡಿಯ ಒಳಗಿರಲಿ. ಮರಿಗಳು ಬೇಗ ಕಲಿಯುತ್ತವೆ: ಹೊರಗೆ ಬಂದು ಕೆದಕುತ್ತವೆ, ಒಂದು ಕೊಕ್ಕು ಎದ್ದರೆ ಕಿಂಡಿಯೊಳಗೆ.

ಮೇವಿನ ವಿಷಯ ಜನ ಹಗುರವಾಗಿ ತಗೊಳ್ಳುತ್ತಾರೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಇರುತ್ತದೆ. ಬೆಳೆಯುವ ಮರಿಗೆ ಬೇಕಾದ್ದು ಶೇ. 1ರ ಆಸುಪಾಸು. ಜಾಸ್ತಿಯಾದ ಸುಣ್ಣ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಅದು ಮೇಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಒಟ್ಟಿಗಿರುವಾಗ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವೇ ಹಾಕಿ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆ ಇಡುವವು ತಾವಾಗಿ ಹೋಗಿ ತಿನ್ನುತ್ತವೆ. ಮರಿಗಳು ಒಂದೆರಡು ಸಲ ಕೊಕ್ಕಾಡಿಸಿ ಬಿಡುತ್ತವೆ.

ಕಾವಿಗೆ ಕೂತ ಹೇಂಟೆ ಇದ್ದರೆ ಕತೆಯೇ ಬೇರೆ. ಅವಳು 21 ದಿನದ ಕಾವು ಮುಗಿಸುವ ಹೊತ್ತಿನಲ್ಲಿ, ಒಂದೆರಡು ದಿನದ ಮರಿಗಳನ್ನು ಕತ್ತಲಲ್ಲಿ ಅವಳ ರೆಕ್ಕೆಯ ಕೆಳಗೆ ಒಂದೊಂದಾಗಿ ಸರಿಸಿ, ಹುಸಿ ಮೊಟ್ಟೆ ಹೊರಗೆ ತೆಗೆಯಿರಿ. ಗೊರಗೊರ ಅಂತ ಗಂಟಲಲ್ಲೇ ಮಾತಾಡಿಸಿದರೆ ಒಪ್ಪಿಕೊಂಡಳು. ಬೆಳಗಿನ ಜಾವ ಹೋಗಿ ನೋಡಲೇಬೇಕು, ಕೆಲವರು ಕುಕ್ಕುತ್ತಾರೆ. ಒಪ್ಪಿಕೊಂಡರೆ ಮುಂದಿನದ್ದೆಲ್ಲ ಅವಳ ಜವಾಬ್ದಾರಿ. ಮರಿ ಜೊತೆಗಿರುವ ತಾಯಿಯ ಎದುರು ಯಜಮಾನಿಯೂ ದಾರಿ ಬಿಡುತ್ತಾಳೆ.

ಪ್ರಶ್ನೆ: ಹುಂಜ ಇದ್ದರೆ ಜಗಳ ಕಡಿಮೆಯೇ? ಇನ್ನೊಂದು ಹುಂಜ ತರಬಹುದೇ?

ಉತ್ತರ: ಇರುವ ಹುಂಜ ಒಳ್ಳೆಯದಾದರೆ ಹೇಂಟೆಗಳ ಜಗಳದ ನಡುವೆ ನುಗ್ಗಿ ಬಿಡಿಸುತ್ತದೆ. ಹೊಸ ಹೇಂಟೆ ಅದಕ್ಕೆ ಶತ್ರು ಅಲ್ಲ. ಒಂದು ರೆಕ್ಕೆ ಇಳಿಬಿಟ್ಟು ಸುತ್ತ ಕುಣಿಯುತ್ತದೆ. ಎರಡನೇ ಹುಂಜ ಬೇಡ. ಒಂದಕ್ಕೆ ಎಂಟು ಹತ್ತು ಹೇಂಟೆ ಇಲ್ಲದ ಮನೆಯಲ್ಲಿ ಎರಡು ಹುಂಜ ಇಟ್ಟರೆ ಅವು ಹೊಡೆದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿಯೂ ಉಳಿಯಲ್ಲ.

ಪ್ರಶ್ನೆ: ಹೊಸ ಕೋಳಿ ಬಂದಾಗಿನಿಂದ ಹಳೆಯವೂ ಮೊಟ್ಟೆ ನಿಲ್ಲಿಸಿವೆ. ದೃಷ್ಟಿ ತಾಕಿರಬಹುದೇ?

ಉತ್ತರ: ದೃಷ್ಟಿ ಗಿಷ್ಟಿ ಏನಿಲ್ಲ. ಗುಂಪು ಅಲುಗಾಡಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ. ಗರಿ ಉದುರಿಸುವ ಕಾಲವೋ, ಹಗಲು ಕಿರಿದಾಗುವ ಕಾಲವೋ ಆಗಿದ್ದರೆ ಇನ್ನೂ ತಡ. ಮೊಟ್ಟೆ ಪೆಟ್ಟಿಗೆ ಸಾಕಷ್ಟಿವೆಯಾ ನೋಡಿ, ನಾಲ್ಕೈದು ಹೇಂಟೆಗೆ ಒಂದು. ಹೊಸಬಳು ಹಗಲಿಡೀ ಪೆಟ್ಟಿಗೆಯಲ್ಲೇ ಅಡಗಿ ಕೂತಿದ್ದರೆ ಹಳೆಯವು ಪೊದೆಯಲ್ಲಿ ಇಡುತ್ತಿರಬಹುದು. ಪೊದೆಯನ್ನೂ ಒಮ್ಮೆ ಹುಡುಕಿ. ಸಿಕ್ಕಿದ ಮೊಟ್ಟೆ ಎಂದಿನದೋ ಗೊತ್ತಿಲ್ಲದಿದ್ದರೆ ನೀರಿಗೆ ಹಾಕಿ ನೋಡಿ, ತೇಲಿದ್ದನ್ನು ಎಸೆಯಿರಿ.